ತೂಕ ಇಳಿಸುವ ಇಂಜೆಕ್ಷನ್: ಅಗ್ಗವಾದರೆ ಸಾಕೇ? ಉಳಿದ ಲೆಕ್ಕ ಯಾರು ಮಾಡುವುದು?

ಮೊನ್ನೆ ಅಂಗಡಿಗೆ ಬಂದ ಪರಿಚಯದವರೊಬ್ಬರು ಎರಡು ಕೆಜಿ ಸಕ್ಕರೆ, ಒಂದು ಲೀಟರ್ ಪಾಮೆಣ್ಣೆ ಕಟ್ಟಿಸಿಕೊಂಡು ಕೇಳಿದರು: "ಆ ತೂಕ ಇಳಿಸುವ ಇಂಜೆಕ್ಷನ್ ಇನ್ನು ಅಗ್ಗ ಆಗ್ತದಂತೆ, ಹೌದಾ? ಹಾಗಾದ್ರೆ ಬೆಳಿಗ್ಗೆ ಎದ್ದು ನಡೆಯುವ ಉಪದ್ರ ಇಲ್ಲ." ನಗಾಡಿಕೊಂಡೇ ಹೇಳಿದ್ದು. ಆದರೆ ಅರ್ಧ ನಂಬಿಕೆಯೂ ಅದರಲ್ಲಿ ಇತ್ತು. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಈಗ ಮದುವೆ ಮನೆಯಲ್ಲಿ, ಟರ್ಫ್ ಬದಿಯಲ್ಲಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲ ಇದೇ ಮಾತು. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿ ಅಂಗಡಿ ಇಟ್ಟವನು. ಹಾಗಾಗಿ ಲೆಕ್ಕದ ಕಡೆಯಿಂದಲೇ ಇದನ್ನು ನೋಡಲು ಹೊರಟೆ. ಓದುತ್ತಾ ಹೋದ ಹಾಗೆ ದೊಡ್ಡ ಲೆಕ್ಕ ಹಣದ್ದಲ್ಲ ಅಂತ ಗೊತ್ತಾಯಿತು.

ಮೊದಲು ಸುದ್ದಿ ಏನು ಅಂತ ನೋಡೋಣ. ಇಲೈ ಲಿಲ್ಲಿ ಕಂಪೆನಿಯ ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಅದರಲ್ಲಿರುವ ಔಷಧಿಯ ಹೆಸರು ಟಿರ್ಜೆಪಟೈಡ್. ಅದೇ ಜೂನ್‌ನಲ್ಲಿ ನೊವೊ ನಾರ್ಡಿಸ್ಕ್ ಕಂಪೆನಿಯ ವೆಗೋವಿ, ಡಿಸೆಂಬರ್‌ನಲ್ಲಿ ಒಜೆಂಪಿಕ್ ಬಂತು. ಈ ಎರಡರಲ್ಲೂ ಇರುವುದು ಒಂದೇ ಔಷಧಿ, ಸೆಮಾಗ್ಲುಟೈಡ್. ಒಜೆಂಪಿಕ್ ಶುಗರ್‌ಗೆ, ವೆಗೋವಿ ಬೊಜ್ಜಿಗೆ ಅಂತ ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಾರೆ. ಈ ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ 2026ರ ಮಾರ್ಚ್‌ನಲ್ಲಿ, ಈ ಸಲದ ಈದ್ ಆಸುಪಾಸಿನಲ್ಲೇ ಮುಗಿಯಿತು. ಇದನ್ನು ತಯಾರಿಸಲು ನಮ್ಮ ದೇಶದ ಹಲವು ಕಂಪೆನಿಗಳು ಮೊದಲೇ ಸಿದ್ಧತೆ ಮಾಡಿಕೊಂಡಿದ್ದವು.

ಪೇಟೆಂಟ್ ಮುಗಿದರೆ ಬೆಲೆ ಎಷ್ಟು ಬೀಳಬಹುದು ಅನ್ನುವುದಕ್ಕೆ ಶುಗರ್ ಇರುವವರಿಗೆ ಗೊತ್ತಿರುವ ಉದಾಹರಣೆಯೇ ಉಂಟು. ಎಂಪಾಗ್ಲಿಫ್ಲೋಝಿನ್ ಮಾತ್ರೆ ಒಂದಕ್ಕೆ ಸುಮಾರು 60 ರೂಪಾಯಿ ಇತ್ತು. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಮುಗಿದ ಕೂಡಲೇ ಐದಾರು ರೂಪಾಯಿಯ ಮಾತ್ರೆಗಳೂ ಮಾರುಕಟ್ಟೆಗೆ ಬಂದವು. ಇಂಜೆಕ್ಷನ್ ಮಾತ್ರೆಯಷ್ಟು ಸುಲಭದ ತಯಾರಿ ಅಲ್ಲ. ಪೆನ್ ಬೇಕು, ಫ್ರಿಜ್ ಬೇಕು, 2ರಿಂದ 8 ಡಿಗ್ರಿಯಲ್ಲಿ ಸಾಗಿಸಬೇಕು. ಆದರೂ ದಾರಿ ಅದೇ. ವೆಗೋವಿ ಬರುವಾಗ ಆರಂಭದ ಡೋಸ್‌ಗೆ ತಿಂಗಳಿಗೆ 17,345 ರೂಪಾಯಿ, ಅತಿ ಹೆಚ್ಚಿನ ಡೋಸ್‌ಗೆ 26,015 ರೂಪಾಯಿ ಇತ್ತು. ಆ ಮೇಲಿನ ಡೋಸ್‌ನಲ್ಲಿ ಒಂದು ವರ್ಷ ಹೋದರೆ 3 ಲಕ್ಷ 12 ಸಾವಿರ. ಗಲ್ಫ್‌ನಲ್ಲಿ ಒಳ್ಳೆ ಕೆಲಸ ಇರುವವರಿಗೂ ಅದು ಸಣ್ಣ ಮೊತ್ತ ಅಲ್ಲ. 2025ರ ನವೆಂಬರ್‌ನಲ್ಲಿ ಕಂಪೆನಿಯೇ ಬೆಲೆ ಕಡಿತ ಮಾಡಿ ಆರಂಭದ ಡೋಸನ್ನು 10,850ಕ್ಕೆ ತಂದಿತು. ಪೇಟೆಂಟ್ ಮುಗಿಯುವುದು ಹತ್ತಿರ ಬಂದಾಗ ಮಾಲಿನ ಮನಸ್ಸು ಕರಗುವುದು ವ್ಯಾಪಾರದಲ್ಲಿ ಹೊಸತಲ್ಲ.

ಬೆಲೆ ಇಳಿಯುವುದು ಒಳ್ಳೆಯದೇ. ಇದನ್ನು ಮೊದಲೇ ಹೇಳಿಬಿಡ್ತೇನೆ, ಯಾಕೆಂದರೆ ಈ ಔಷಧಿಯ ವಿಷಯ ಬಂದಾಗ ನಮ್ಮಲ್ಲಿ ಎರಡೇ ಗುಂಪು. ಒಂದು ಗುಂಪಿಗೆ ಇದು ಮ್ಯಾಜಿಕ್, ಇನ್ನೊಂದು ಗುಂಪಿಗೆ ಇದು ವಿಷ. ಬೊಜ್ಜು ಅಂದರೆ ಸೋಮಾರಿತನ, ಬಾಯಿಚಪಲ ಅಂತ ಗೇಲಿ ಮಾಡುವವರು ಇದನ್ನು ಓದಬೇಕು: ಹೃದ್ರೋಗ ಇದ್ದು ತೂಕವೂ ಹೆಚ್ಚಿದ್ದ, ಆದರೆ ಶುಗರ್ ಇಲ್ಲದ 17,604 ಜನರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಸೆಮಾಗ್ಲುಟೈಡ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾಗಿ ಶೇ. 20ರಷ್ಟು ಕಡಿಮೆಯಾಗಿತ್ತು. ಇದು ಚಂದ ಕಾಣುವ ವಿಷಯ ಅಲ್ಲ, ಜೀವದ ವಿಷಯ. ಅದೂ ನಮ್ಮ ಊರಿನಲ್ಲಿ. ಐಸಿಎಂಆರ್ ಮತ್ತು ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಶುಗರ್ ಉಂಟು. ರಾಜ್ಯವಾರು ನೋಡಿದರೆ ಗೋವಾ, ಪುದುಚೇರಿಯ ಹಿಂದೆಯೇ ಕೇರಳ, ಶೇ. 25.5. ಅಂದರೆ ನಾಲ್ಕು ವಯಸ್ಕರಲ್ಲಿ ಒಬ್ಬರು. ನಮ್ಮ ಯಾವ ಮನೆಯ ಜಗಲಿಯಲ್ಲೂ ಈ ಲೆಕ್ಕ ತಪ್ಪುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ನನ್ನ ಜೊತೆ ಕಾಲೇಜಿಗೆ ಹೋದ ಒಬ್ಬ ಗೆಳೆಯ ಗಲ್ಫ್‌ನಲ್ಲಿದ್ದಾನೆ. ಕಂಪೆನಿಯ ಇನ್ಶೂರೆನ್ಸ್‌ನಲ್ಲಿ ಇಂಜೆಕ್ಷನ್ ಸಿಗುತ್ತಿತ್ತು. ಎಂಟು ತಿಂಗಳಲ್ಲಿ 18 ಕೆಜಿ ಇಳಿದ. ರಜೆಗೆ ಬಂದಾಗ ಅವನ ಉಮ್ಮ "ಎಂತ ಆಯ್ತು ಮಗನೇ, ಊಟ ಸಿಗ್ತಾ ಇಲ್ವಾ ಅಲ್ಲಿ" ಅಂತ ಅತ್ತೇ ಬಿಟ್ಟರು. ಆಮೇಲೆ ಕೆಲಸ ಬದಲಾಯಿತು, ಹೊಸ ಇನ್ಶೂರೆನ್ಸ್‌ನಲ್ಲಿ ಅದು ಇಲ್ಲ. ಇಂಜೆಕ್ಷನ್ ನಿಂತಿತು. ಮರು ವರ್ಷದ ರಜೆಗೆ ಬರುವಾಗ ಹಳೆಯ ಪ್ಯಾಂಟ್‌ಗಳೇ ಮತ್ತೆ ಸರಿಹೊಂದುತ್ತಿದ್ದವು. "ಮೊದಲಿಗಿಂತ ಈಗ ಮೆಟ್ಟಿಲು ಹತ್ತುವಾಗ ಜಾಸ್ತಿ ಏದುಸಿರು ಬರ್ತದೆ" ಅಂದ. ತೂಕ ಮೊದಲಿನಷ್ಟೇ, ಏದುಸಿರು ಹೇಗೆ ಜಾಸ್ತಿ? ಆಗ ನನಗೆ ಅರ್ಥ ಆಗಿರಲಿಲ್ಲ. ಅದಕ್ಕೆ ಮತ್ತೆ ಬರ್ತೇನೆ.

ಅವನಿಗೆ ಆದದ್ದು ಅವನೊಬ್ಬನ ಕಥೆ ಅಲ್ಲ. ಈ ಔಷಧಿ ಕೆಲಸ ಮಾಡುವುದೇ ಹಾಗೆ. ಊಟ ಆದಾಗ ನಮ್ಮ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಬರುತ್ತದೆ, "ಸಾಕು" ಅಂತ ಮೆದುಳಿಗೆ ಹೇಳುತ್ತದೆ. ದೇಹದ್ದು ನಿಮಿಷಗಳಲ್ಲಿ ಕರಗಿ ಹೋಗುತ್ತದೆ. ಔಷಧಿಯದ್ದು ಅದೇ ಕೆಲಸವನ್ನು ವಾರಪೂರ್ತಿ ಮಾಡುತ್ತದೆ. ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ತಿನ್ನುವ ಆಸೆಯೇ ತಗ್ಗುತ್ತದೆ. ಇಂಜೆಕ್ಷನ್ ನಿಂತರೆ ಆ "ಸಾಕು" ಎಂಬ ಮಾತೂ ನಿಲ್ಲುತ್ತದೆ. ಹಸಿವು ಹಳೆಯ ಜಾಗಕ್ಕೆ ಬರುತ್ತದೆ.

ಸೆಮಾಗ್ಲುಟೈಡ್‌ನ ಸ್ಟೆಪ್-1 ಪ್ರಯೋಗದಲ್ಲಿ ಇದನ್ನು ಅಳೆದು ನೋಡಿದ್ದಾರೆ. 68 ವಾರಗಳ ನಂತರ ಔಷಧಿ ನಿಲ್ಲಿಸಿದ ಕೆಲವರನ್ನು ಇನ್ನೂ ಒಂದು ವರ್ಷ ಗಮನಿಸಿದರು. ಅವರು ಸರಾಸರಿ ಶೇ. 17.3 ತೂಕ ಇಳಿಸಿದ್ದರು, ವರ್ಷದೊಳಗೆ ಅದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ಅಂದರೆ 100 ಕೆಜಿ ಇದ್ದವರು 83ರ ಹತ್ತಿರ ಬಂದು, ಮತ್ತೆ 94ಕ್ಕೆ ಹೋದ ಹಾಗೆ. ಇಲ್ಲಿ ಒಂದು ಮಾತು ಹೆಚ್ಚಿನವರು ಬಿಟ್ಟುಬಿಡ್ತಾರೆ. ಆ ಒಂದು ವರ್ಷದಲ್ಲಿ ನಿಂತದ್ದು ಔಷಧಿ ಮಾತ್ರ ಅಲ್ಲ, ಊಟ ಮತ್ತು ವ್ಯಾಯಾಮದ ಬಗ್ಗೆ ಕೊಡುತ್ತಿದ್ದ ಸಲಹೆಯೂ ನಿಂತಿತ್ತು. ಟಿರ್ಜೆಪಟೈಡ್‌ನದ್ದೂ ಇದೇ ಹಾದಿ. 36 ವಾರಗಳಲ್ಲಿ ಶೇ. 20.9 ಇಳಿಸಿದವರಲ್ಲಿ ಕೆಲವರಿಗೆ ಅವರಿಗೇ ಗೊತ್ತಿಲ್ಲದಂತೆ ಔಷಧಿ ಇಲ್ಲದ ಇಂಜೆಕ್ಷನ್ ಕೊಟ್ಟರು. ಮುಂದಿನ ಒಂದು ವರ್ಷದಲ್ಲಿ ಅವರ ತೂಕ ಶೇ. 14ರಷ್ಟು ಏರಿತು.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇಂಜೆಕ್ಷನ್ ಅಂದರೆ ಬಾಡಿಗೆ ಅಂಗಡಿ. ಬಾಡಿಗೆ ಕಟ್ಟುವಷ್ಟು ದಿನ ನಮ್ಮದು. ಬೆಲೆ ತಿಂಗಳಿಗೆ 3,000ಕ್ಕೆ ಇಳಿಯಿತು ಅಂತಲೇ ಇಟ್ಟುಕೊಳ್ಳಿ, ವರ್ಷಕ್ಕೆ 36,000, ಐದು ವರ್ಷಕ್ಕೆ 1 ಲಕ್ಷ 80 ಸಾವಿರ, ಮನೆಯಲ್ಲಿ ಇಬ್ಬರಾದರೆ ಅದರ ಎರಡರಷ್ಟು. ಮೆಡಿಕಲ್‌ನಿಂದ ತರುವ ಇಂಥ ಔಷಧಿಗೆ ನಮ್ಮ ಸಾಮಾನ್ಯ ಆರೋಗ್ಯ ವಿಮೆ ಹೆಚ್ಚಾಗಿ ಹಣ ಕೊಡುವುದಿಲ್ಲ. ಕೆಲವರಿಗೆ ಈ ಬಾಡಿಗೆ ಜೀವನಪೂರ್ತಿ ಕಟ್ಟುವುದೇ ಸರಿ. ಬಿಪಿ ಮಾತ್ರೆಯನ್ನು ಜೀವನಪೂರ್ತಿ ತಿನ್ನುವುದಿಲ್ಲವಾ, ಹಾಗೆ. ಅದು ಅವರ ಡಾಕ್ಟರ್ ತೀರ್ಮಾನ. ಆದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಶುರು ಮಾಡುವುದು "ಮೂರು ತಿಂಗಳು ಹಾಕಿಸಿ ನೋಡುವ" ಅಂತ, "ನಿಕಾಹ್‌ಗೆ ಮೊದಲು ಹತ್ತು ಕೆಜಿ" ಅಂತ. ಅಂಥವರಿಗೆ ಅಗ್ಗದ ಇಂಜೆಕ್ಷನ್ ಕೂಡ ನಷ್ಟದ ವ್ಯಾಪಾರ.

ಈಗ ಆ ಏದುಸಿರಿನ ವಿಷಯ. ತೂಕ ಇಳಿಯಿತು ಅಂದರೆ ಕೊಬ್ಬು ಮಾತ್ರ ಇಳಿಯಿತು ಅಂತ ಅಲ್ಲ. ಹೋದ ತೂಕದಲ್ಲಿ ನಾಲ್ಕನೇ ಒಂದು ಪಾಲಿನಿಂದ ಹಿಡಿದು ಶೇ. 40ರವರೆಗೂ ಕೊಬ್ಬಲ್ಲದ ಭಾಗ ಇರಬಹುದು ಅಂತ ಪ್ರಯೋಗಗಳು ತೋರಿಸಿವೆ. ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದು. ಹಸಿವಿಲ್ಲ ಅಂತ ಬರೀ ಚಹಾ, ರಸ್ಕ್, ಎರಡು ಖರ್ಜೂರದಲ್ಲಿ ದಿನ ಕಳೆದರೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಬಳಸುತ್ತದೆ. ಇಂಜೆಕ್ಷನ್ ಬಿಟ್ಟ ಮೇಲೆ ವಾಪಸ್ ಬರುವುದು ಮುಖ್ಯವಾಗಿ ಕೊಬ್ಬು. ತಕ್ಕಡಿಯಲ್ಲಿ ಅದೇ 96 ಕೆಜಿ, ಒಳಗಿನ ಮಾಲು ಬೇರೆ. ನನ್ನ ಗೆಳೆಯನ ಮೆಟ್ಟಿಲು ಭಾರವಾದದ್ದು ಹೀಗೆಯೇ ಇರಬೇಕು.

ನಮ್ಮವರಿಗೆ ಇದು ಇನ್ನೂ ಗಂಭೀರ. ಪುಣೆಯ ಡಾಕ್ಟರ್ ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾಕ್ಟರ್ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಸಣ್ಣ ಲೇಖನ ಬರೆದಿದ್ದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ನೋಡಲು ತೆಳು, ಒಳಗೆ ಕೊಬ್ಬು. ನಾವು ಭಾರತೀಯರು ಹುಟ್ಟುವಾಗಲೇ ಸ್ನಾಯುವಿನ ಬಂಡವಾಳ ಕಡಿಮೆ ಇಟ್ಟುಕೊಂಡು ಬಂದವರು. ಇದ್ದದ್ದನ್ನೂ ಕಳೆದುಕೊಂಡರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ, ಯಾಕೆಂದರೆ ರಕ್ತದ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದೇ ಸ್ನಾಯು.

ಹಾಗಾದರೆ ಇಂಜೆಕ್ಷನ್ ಜೊತೆ ಬೇರೆ ಏನಾದರೂ ಮಾಡಿದರೆ ಫಲ ಉಳಿಯುತ್ತದಾ? ನನಗೆ ಸಿಕ್ಕಿದ್ದರಲ್ಲಿ ಚಂದದ ಉತ್ತರ ಡೆನ್ಮಾರ್ಕ್‌ನದ್ದು. ಅಲ್ಲಿ 195 ಜನರಿಗೆ ಮೊದಲು ಎಂಟು ವಾರ ಕಟ್ಟುನಿಟ್ಟಿನ ಪಥ್ಯ ಕೊಟ್ಟು ಸರಾಸರಿ 13 ಕೆಜಿ ಇಳಿಸಿದರು. ಆಮೇಲೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಲಿರಾಗ್ಲುಟೈಡ್, ಅಂದರೆ ಇದೇ ಜಾತಿಯ ಹಳೆಯ ಔಷಧಿ. ಒಂದಕ್ಕೆ ವ್ಯಾಯಾಮ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ಒಂದು ವರ್ಷ ಆದಾಗ ಎರಡೂ ಮಾಡಿದವರೇ ಮುಂದೆ ಇದ್ದರು, ಅದರಲ್ಲಿ ಆಶ್ಚರ್ಯ ಇಲ್ಲ. ನೋಡಬೇಕಾದ್ದು ಅದರ ನಂತರದ ವರ್ಷ. ಔಷಧಿ ನಿಲ್ಲಿಸಿದರು, ವ್ಯಾಯಾಮಕ್ಕೆ ಮೇಲ್ವಿಚಾರಣೆಯನ್ನೂ ನಿಲ್ಲಿಸಿದರು. ಎಲ್ಲವೂ ನಿಂತು ವರ್ಷ ಕಳೆದ ಮೇಲೆ ಮತ್ತೆ ತೂಗಿದಾಗ, ಔಷಧಿ ಮಾತ್ರ ತೆಗೆದುಕೊಂಡವರಿಗಿಂತ ಎರಡೂ ಮಾಡಿದವರು ಸರಾಸರಿ 5 ಕೆಜಿಯಷ್ಟು ಕಡಿಮೆ ತೂಕದಲ್ಲಿ ನಿಂತಿದ್ದರು. ಅವರ ಮೈಯ ಕೊಬ್ಬೂ ಕಡಿಮೆ ಇತ್ತು. ಔಷಧಿ ಹೋದ ಮೇಲೂ ಅಭ್ಯಾಸ ಸ್ವಲ್ಪ ಉಳಿದಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಈ ಔಷಧಿಗಳ ಬಗ್ಗೆ ಮೊದಲ ಮಾರ್ಗಸೂಚಿ ಹೊರಡಿಸಿತು. ಬೊಜ್ಜಿನ ದೀರ್ಘಕಾಲದ ಚಿಕಿತ್ಸೆಗೆ ವಯಸ್ಕರಲ್ಲಿ ಬಳಸಬಹುದು, ಗರ್ಭಿಣಿಯರಿಗೆ ಬೇಡ, ಜೊತೆಗೆ ಊಟ ಮತ್ತು ವ್ಯಾಯಾಮದ ಗಟ್ಟಿ ಬೆಂಬಲ ಬೇಕು ಎಂದು ಅದು ಹೇಳಿದೆ. ಅದೂ ಷರತ್ತಿನ ಶಿಫಾರಸು. ದೀರ್ಘಕಾಲದ ಮಾಹಿತಿ ಸಾಲದು, ಬೆಲೆ ಹೆಚ್ಚು, ಆರೋಗ್ಯ ವ್ಯವಸ್ಥೆ ಸಿದ್ಧ ಇಲ್ಲ ಅನ್ನುವುದು ಅದಕ್ಕೆ ಕೊಟ್ಟ ಕಾರಣಗಳು. ಆ ಕೊನೆಯ ಕಾರಣವೇ ನಮಗೆ ತಟ್ಟುವುದು. ಬೆಲೆ ಇಳಿದು ಇಂಜೆಕ್ಷನ್ ಮೆಡಿಕಲ್‌ನ ಫ್ರಿಜ್‌ಗೆ ಬಂತು, ಆದರೆ ಊಟ ಹೇಗೆ ಅಂತ ಕೂತು ಹೇಳುವವರು ಬಂದರಾ?

ಗಡಿನಾಡಿನವರ ಸ್ಥಿತಿ ನೋಡಿ. ನಾವು ತೋರಿಸುವುದು ಮಂಗಳೂರು, ದೇರಳಕಟ್ಟೆಯಲ್ಲಿ. ಔಷಧಿ ಕೊಳ್ಳುವುದು ಊರಲ್ಲಿ. ಎರಡನೇ ಸಲ ತೋರಿಸಲು ಹೋಗುವುದು ಏನಾದರೂ ಆದರೆ ಮಾತ್ರ. ಊರಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡುವ ವ್ಯವಸ್ಥೆ ಕೇರಳದಲ್ಲಿ ಒಳ್ಳೆಯದೇ ಉಂಟು, ಆದರೆ ಶುಗರ್ ರೋಗಿಯ ಊಟದ ಬಗ್ಗೆ ಕೊಡುವ ಕರಪತ್ರ ಮಲಯಾಳದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಉಮ್ಮಂದಿರು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬರ್ತಾರೆ. ಒಂದು ಕನ್ನಡ ಪುಟ ಅಚ್ಚು ಹಾಕಿಸುವುದಕ್ಕೆ ಪಂಚಾಯತಿಗೆ ಎಷ್ಟು ಖರ್ಚು ಬರ್ತದೆ? ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂತ ನಾವು ಸರಕಾರಿ ಅರ್ಜಿಗೆ, ಶಾಲೆಗೆ ಕೇಳ್ತೇವೆ, ಇದಕ್ಕೆ ಯಾಕೆ ಕೇಳುವುದಿಲ್ಲ ಅಂತ ನನಗೆ ಬಹಳ ಸಲ ಅನಿಸಿದೆ.

ಊಟದ ಮಾತಿಗೆ ಬರೋಣ. 2025ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್‌ನ ಇನ್ನೊಂದು ವರದಿ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಶೇ. 62 ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟದಿಂದ, ಪ್ರೊಟೀನ್‌ನಿಂದ ಶೇ. 12 ಮಾತ್ರ. ನಾವು ಮಾಂಸ ತಿನ್ನುವವರು, ನಮಗೆ ಪ್ರೊಟೀನ್ ಸಾಕು ಅಂತ ನಮ್ಮವರು ತಿಳಿದುಕೊಂಡಿದ್ದಾರೆ. ಬಟ್ಟಲು ನೋಡಿ ಹೇಳಿ. ನೈಚೋರ್, ಬಿರಿಯಾನಿ, ಪತ್ತಿರಿ, ಪರೋಟ. ಈಗ ಹೆದ್ದಾರಿ ಬದಿಯಲ್ಲಿ ಸಾಲು ಸಾಲು ಮಂದಿ ಹೋಟೆಲ್, ಅಲ್ಲಿ ನಾಲ್ಕು ಜನರ ತಟ್ಟೆಯಲ್ಲಿ ಅನ್ನದ ಗುಡ್ಡೆ, ಮೇಲೆ ಕೋಳಿಯ ತುಂಡು ನಾಲ್ಕು. ಅನ್ನ ಮಾಂಸದ ಜೊತೆಗೆ ಅಲ್ಲ, ಮಾಂಸ ಅನ್ನದ ಜೊತೆಗೆ.

ತೂಕ ಇಳಿಯುವ ಸಮಯದಲ್ಲಿ ದಿನಕ್ಕೆ ದೇಹದ ತೂಕದ ಕೆಜಿಗೆ 1.2ರಿಂದ 1.6 ಗ್ರಾಂ ಪ್ರೊಟೀನ್ ಬೇಕು ಅಂತ 2025ರಲ್ಲಿ ಅಮೆರಿಕದ ನಾಲ್ಕು ಪೌಷ್ಟಿಕತೆ ಮತ್ತು ಬೊಜ್ಜು ಚಿಕಿತ್ಸೆಯ ಸಂಘಗಳು ಒಟ್ಟಾಗಿ ಹೊರಡಿಸಿದ ಸಲಹೆಯಲ್ಲಿ ಉಂಟು. ಕಿಡ್ನಿ ತೊಂದರೆ ಇರುವವರು ಇದನ್ನು ಡಾಕ್ಟರ್ ಕೇಳದೆ ಮಾಡಬಾರದು. ನಮ್ಮ ಕರಾವಳಿಯಲ್ಲಿ ಇದಕ್ಕೆ ದುಬಾರಿ ಡಬ್ಬಿ ಪೌಡರ್ ಬೇಕಾಗಿಲ್ಲ. 100 ಗ್ರಾಂ ಬೂತಾಯಿ, ಬಂಗುಡೆಯಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೊಟೀನ್. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಹೆಸರುಕಾಳು, ಕಡಲೆ, ಮೊಸರು ನಮ್ಮಂಥವರ ಅಂಗಡಿಯಲ್ಲೇ ಉಂಟು. ಹಸಿವೇ ಕಡಿಮೆ ಇರುವಾಗ ನಾಲ್ಕು ತುತ್ತು ಮಾತ್ರ ಹೋಗುವುದಾದರೆ ಮೊದಲ ತುತ್ತು ಮೀನೇ ಆಗಲಿ, ಅನ್ನ ಆಮೇಲೆ. ಬೂತಾಯಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಪುಳಿಮುಂಚಿ ಮಾಡಿ. ತರಕಾರಿ, ನೀರು ಕಡಿಮೆಯಾದರೆ ಈ ಔಷಧಿಯಲ್ಲಿ ಮಲಬದ್ಧತೆ ಗ್ಯಾರಂಟಿ. ಜಿಡ್ಡಿನ ಊಟ ಜಾಸ್ತಿಯಾದರೆ ವಾಂತಿ. ಇಂಜೆಕ್ಷನ್ ಹಾಕಿಸಿಕೊಂಡು ಮದುವೆ ಊಟಕ್ಕೆ ಹೋಗಿ ಒದ್ದಾಡಿದವರನ್ನು ನಾನೇ ನೋಡಿದ್ದೇನೆ.

ವ್ಯಾಯಾಮದಲ್ಲಿ ವಾರಕ್ಕೆ 150 ನಿಮಿಷದ ನಡಿಗೆ ಎಲ್ಲರಿಗೂ ಬಾಯಿಪಾಠ. ಅದೇ ಸಾಲಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇನ್ನೊಂದು ಮಾತು, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುವಿಗೆ ಭಾರ ಕೊಡಬೇಕು ಅನ್ನುವುದು, ಯಾರ ಕಿವಿಗೂ ಬಿದ್ದಿಲ್ಲ. ಸ್ನಾಯು ಉಳಿಸುವುದು ಅದು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಐದು ಲೀಟರ್ ನೀರಿನ ಕ್ಯಾನ್ ಎತ್ತುವುದರಿಂದ ಶುರು ಮಾಡಬಹುದು. ಮಲಪ್ಪುರಂನ ಕೊಂಡೋಟಿಯಿಂದ ಶುರುವಾದ ಮೆಕ್ ಸೆವೆನ್ ಎಂಬ 21 ನಿಮಿಷದ ಬೆಳಗಿನ ವ್ಯಾಯಾಮ ಕೂಟ ಮಲಬಾರ್ ತುಂಬ ಹರಡಿದೆ. 2024ರ ಕೊನೆಯಲ್ಲಿ ಅದು ರಾಜಕೀಯ ವಿವಾದಕ್ಕೂ ಸಿಕ್ಕಿಕೊಂಡಿತು. ವಿವಾದ ಬದಿಗಿರಲಿ, ಸುಬ್ಹ್ ನಮಾಝಿನ ನಂತರ ಮೈದಾನದಲ್ಲಿ ನೂರು ಜನ ಒಟ್ಟಿಗೆ ಕೈಕಾಲು ಆಡಿಸುವುದು ನಮ್ಮಲ್ಲಿ ಹಿಂದೆ ಇರಲಿಲ್ಲ. ಅದಕ್ಕೆ ಭಾರ ಎತ್ತುವ ಎರಡು ದಿನ ಸೇರಿಸಿದರೆ ಡೆನ್ಮಾರ್ಕ್‌ನವರು ಮಾಡಿದ್ದಕ್ಕೆ ಹತ್ತಿರ ಬರುತ್ತೇವೆ. ಆದರೆ ಹೆಂಗಸರಿಗೆ ಜಾಗ ಎಲ್ಲಿ? ನಮ್ಮ ಹುಡುಗರಿಗೆ ಟರ್ಫ್ ಉಂಟು, ಜಿಮ್ ಉಂಟು. ಮನೆಯಲ್ಲಿ ಶುಗರ್ ಇರುವ ತಾಯಿ, ಹೆರಿಗೆ ನಂತರ ತೂಕ ಏರಿದ ತಂಗಿ ಟೆರೇಸ್‌ನಲ್ಲಿ ಬಟ್ಟೆ ಒಣಗಿಸುವ ಜಾಗದಲ್ಲಿ ನಡೆಯಬೇಕು. ಮದ್ರಸದ ಹಾಲ್ ಬೆಳಿಗ್ಗೆ ಹತ್ತು ಗಂಟೆಗೆ ಖಾಲಿ ಇರ್ತದೆ. ಜಮಾಅತ್ ಕಮಿಟಿಯವರು ಮನಸ್ಸು ಮಾಡಿದರೆ ವಾರಕ್ಕೆ ಮೂರು ದಿನ ಅದನ್ನು ಕೊಡಬಹುದು.

ಯುವಕರಿಗೆ ಎರಡು ಮಾತು ನೇರವಾಗಿ. ಇದು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿ. ಬೊಜ್ಜು ಗುಣ ಮಾಡ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದೇ 1954ರ ಕಾನೂನಿನಲ್ಲಿ ನಿಷಿದ್ಧ. ಹಾಗಿರುವಾಗ ಇನ್‌ಸ್ಟಾಗ್ರಾಮ್‌ನಲ್ಲಿ "ಪೆನ್ ಉಂಟು, ಡಿಎಂ ಮಾಡಿ" ಅನ್ನುವವನ ಕೈಯಿಂದ ಕೊಳ್ಳಬೇಡಿ. ನಕಲಿ ಒಜೆಂಪಿಕ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲೇ ಎಚ್ಚರಿಕೆ ಕೊಟ್ಟಿದೆ. ಗಲ್ಫ್‌ನಿಂದ ಬರುವ ಯಾರದೋ ಬ್ಯಾಗಿನಲ್ಲಿ, ಐಸ್ ಇಲ್ಲದೆ ಬಂದ ಅಸಲಿ ಪೆನ್ ಕೂಡ ಹಾಳಾಗಿರಬಹುದು. ಇದಕ್ಕೆ ಯೋಗ್ಯರು ಯಾರು ಅನ್ನುವುದಕ್ಕೂ ಅಳತೆ ಉಂಟು. ವೆಗೋವಿಗೆ ಬಿಎಂಐ 30 ಇರಬೇಕು, ಅಥವಾ 27 ದಾಟಿ ಜೊತೆಗೆ ಶುಗರ್, ಬಿಪಿಯಂಥ ತೊಂದರೆ ಇರಬೇಕು. ಮದುವೆ ಫೋಟೋಕ್ಕೆ ಐದು ಕೆಜಿ ಕಡಿಮೆ ಮಾಡುವ ಹುಡುಗಿಗೆ ಇದು ಇರುವುದಲ್ಲ. ಅದೂ ಮದುವೆಯ ನಂತರ ಬೇಗ ಮಗು ಬೇಕು ಅನ್ನುವ ಮನೆಯಲ್ಲಿ ಗೊತ್ತಿರಲಿ, ಸೆಮಾಗ್ಲುಟೈಡನ್ನು ಗರ್ಭ ಧರಿಸುವುದಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪಕ್ಕೆ ಆಗುವ ಅಪಾಯಗಳು. ಹೊಟ್ಟೆ ಮೇಲ್ಭಾಗದಲ್ಲಿ ಬಿಡದ ನೋವು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ.

ಉಪವಾಸದ ವಿಷಯವನ್ನೂ ಹೇಳಬೇಕು. ಹೊಸದಾಗಿ ಶುರು ಮಾಡಿದಾಗ, ಡೋಸ್ ಏರಿಸಿದಾಗ ವಾಕರಿಕೆ, ವಾಂತಿ ಹೆಚ್ಚು. ಅದು ರಮಝಾನ್‌ನಲ್ಲಿ ಬಂದರೆ ನೀರಿನಂಶ ಕಡಿಮೆಯಾಗಿ ಕಿಡ್ನಿಗೆ ಏಟು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಜಾತಿಯ ಮಾತ್ರೆ ಜೊತೆಗಿದ್ದರೆ ಶುಗರ್ ತೀರಾ ಇಳಿಯುವ ಭಯವೂ ಉಂಟು. ಆದ್ದರಿಂದ ರಮಝಾನ್ ಹತ್ತಿರ ಬಂದಾಗ ಹೊಸದಾಗಿ ಶುರು ಮಾಡುವುದಲ್ಲ, ಒಂದೆರಡು ತಿಂಗಳು ಮೊದಲೇ ಡಾಕ್ಟರ್ ಹತ್ತಿರ ಕೂತು ಯೋಜನೆ ಮಾಡುವುದು. ಇಫ್ತಾರ್‌ನಲ್ಲಿ ಸಮೋಸ, ಕಟ್ಲೆಟ್, ಶರಬತ್ತಿನ ಲೆಕ್ಕವೂ ಆಗಲೇ ಆಗಲಿ.

ಅಂಗಡಿಗೆ ಬಂದ ಆ ಪರಿಚಯದವರಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ, ಗಿರಾಕಿಗಳು ಕಾಯುತ್ತಿದ್ದರು. ಡಾಕ್ಟರ್ ಹತ್ತಿರ ಹೋಗುವಾಗ ಮೂರು ಪ್ರಶ್ನೆ ಕೇಳಿ ಬನ್ನಿ ಅಂದೆ: ನನಗೆ ಇದು ಎಷ್ಟು ಸಮಯ ಬೇಕು, ನಿಲ್ಲಿಸುವಾಗ ಹೇಗೆ ನಿಲ್ಲಿಸುವುದು, ಅಷ್ಟರಲ್ಲಿ ನಾನು ಏನು ತಿನ್ನಬೇಕು. ವಾರದ ನಂತರ ಬಂದರು. ಮೊದಲ ಎರಡಕ್ಕೆ ಉತ್ತರ ಸಿಕ್ಕಿತ್ತಂತೆ. ಮೂರನೆಯದಕ್ಕೆ ಡಾಕ್ಟರಿಗೆ ಸಮಯ ಇರಲಿಲ್ಲ, "ಡಯಟ್ ಮಾಡಿ" ಅಂದರಂತೆ. ಆವತ್ತು ಸಕ್ಕರೆ ಒಂದು ಕೆಜಿ ಸಾಕು ಅಂದರು, ಹೆಸರುಕಾಳು ಎಷ್ಟು ಅಂತ ಕೇಳಿದರು.